ಹೊಗೆಯನ್ನು ಹರಸಿದ ಬಾಯಿ

ಕಿಟಕಿಯ ಮೇಲ್ಮೂಲೆಯ ಪುಟ್ಟ ಕದವನ್ನು ತೆರೆದರೆ ಕೊರೆಯುವ ಚಳಿ, ಮುಚ್ಚಿದರೆ ಉಸಿರುಗಟ್ಟುವ ಸೆಕೆ. ಸೆಯಿಲ್‌ಬೆಕ್ ತೆರೆದ, ಮುಚ್ಚಿದ, ಮತ್ತೆ ಬೆರಳಗಲ ತೆರೆದು ಅಲ್ಲೇ ನಿಂತ. ಕಿಟಕಿಯ ಕೆಳಗೆ ಗೋಡೆಗೆ ಒರಗಿದ ಕಬ್ಬಿಣದ ಕೊಳವೆಗಳು ಮುಟ್ಟಿದರೆ ಸುಡುವಷ್ಟು ಕಾದಿದ್ದವು. ಅವುಗಳಿಗೆ ಬಿಸಿ ಹೆಚ್ಚುಕಡಿಮೆ ಮಾಡುವ ತಿರುಪು ಎಂಬುದಿಲ್ಲ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು, ಕಾದ ನೀರು ಊರಿನ ನೆಲದಡಿ ಹರಿದು ಎಲ್ಲ ಮನೆಗಳ ಗೋಡೆಗೂ ಬರುತ್ತದೆ, ಬಂದಷ್ಟು ಬಂತು. ಹೆಚ್ಚಾಯಿತು ಎನ್ನಿಸಿದವರು ಕಿಟಕಿ ತೆರೆದು ಆ ಬಿಸಿಯನ್ನು ಬಯಲಿಗೆ ಬಿಡುತ್ತಾರೆ. ಎದುರಿನ ಕಟ್ಟಡದಲ್ಲೂ ಅರ್ಧಕ್ಕರ್ಧ ಕದಗಳು ತೆರೆದಿದ್ದವು. ಒಂದೊಂದರಿಂದಲೂ ಬಿಳಿಯ ಹಬೆ ಹೊರಟು, ಕಟ್ಟಡವೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಉಸಿರು ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಅವನು ಕಣ್ಣನ್ನು ಬೇರೆ ಕಡೆಗೆ ತಿರುಗಿಸಿದ. ಕೈಯಲ್ಲಿ ಫೋನ್ ಇತ್ತು. ಬೆಳಗಿನ ನಮಾಜು ಮುಗಿದಾಗಿನಿಂದ ಅದು ಅವನ ಕೈಯಲ್ಲೇ ಇದ್ದು, ಅಂಗೈಯ ಬೆವರಿಗೆ ಒದ್ದೆಯಾಗಿತ್ತು. ಸ್ಥಾವರದವರಿಗೆ ಫೋನ್ ಮಾಡಿ, ನಾನು ಬರುವುದಿಲ್ಲ, ಹೊಸ ಚಿಮಣಿಯನ್ನು ಹರಸುವುದಕ್ಕೆ ಬೇರೆ ಯಾರಾದರೂ ಹಿರಿಯರನ್ನು ಕರೆದುಕೊಳ್ಳಿ ಎಂದು ಹೇಳಿಬಿಡಬೇಕು. ಅಷ್ಟೇ ಮಾತು. ರಾತ್ರಿ ಮಗಳ ಮುಂದೆ ಅದು ಬಹಳ ಸುಲಭವಾಗಿ ಕಂಡಿತ್ತು.

ಅಡುಗೆಮನೆಯಲ್ಲಿ ಸೊಸೆ ಅಕ್ಮರಾಲ್ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು. ಶುಕ್ರವಾರ ಏಳು ರೊಟ್ಟಿ ಕರಿಯಬೇಕು. ಎಣ್ಣೆಯ ಘಮ ಮನೆಯಿಂದ ಎದ್ದರೆ ಸತ್ತವರು ಅದನ್ನು ಮೂಸಿ ತೃಪ್ತಿಯಿಂದ ಹಿಂದಿರುಗುತ್ತಾರೆ. ಈ ಮನೆಯಲ್ಲಿ ಅದನ್ನು ಕರಿಯುತ್ತಿದ್ದವಳು ಅವನ ಹೆಂಡತಿ ಕುಲ್ಪಾಶ್. ಈಗ ಅವಳಿಗಾಗಿ ಕರಿಯಲಾಗುತ್ತಿದೆ. ನಿನ್ನೆ ಅವಳ ನಲವತ್ತನೆಯ ದಿನದ ಊಟ ಮುಗಿಯಿತು. ಬಂದವರೆಲ್ಲ ಸೆಯಿಲ್‌ಬೆಕ್‌ನನ್ನು ಹೊಗಳಿ ಹೋದರು, ಚೆನ್ನಾಗಿ ನಡೆಸಿದೆ ಎಂದು. ಮುಲ್ಲಾ ಓದಿದ. ಉಳಿದವರು ಆಮೀನ್ ಎಂದರು. ಆಮೇಲೆ ಎಲ್ಲರೂ ಇವನ ಮುಖ ನೋಡಿದರು, ಈಗ ಇವನು ತನ್ನ ಬಾಯಿಂದ ನಾಲ್ಕು ಮಾತು ಹೇಳುತ್ತಾನೆ ಎಂದು. ಊರಿನಲ್ಲಿ ಯಾರ ಮದುವೆಯಾಗಲಿ, ಮಗು ಹುಟ್ಟಲಿ, ಹೊಸ ಅಂಗಡಿ ತೆರೆಯಲಿ, ಅಂಗೈ ತೆರೆದು ಹರಸುವುದಕ್ಕೆ ಸೆಯಿಲ್‌ಬೆಕ್‌ನೇ ಬೇಕು. ಅವನ ಬಾಯಿ ಒಳ್ಳೆಯದು, ಅವನು ಹರಸಿದ್ದು ನಿಲ್ಲುತ್ತದೆ ಎಂಬ ಮಾತಿದೆ. ಆದರೆ ನಿನ್ನೆ ಆ ಬಾಯಿ ತೆರೆಯಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿತು ಎಂದುಕೊಂಡು ಜನ ತಲೆ ತಗ್ಗಿಸಿದರು. ಗಂಟಲೇನೂ ಕಟ್ಟಿರಲಿಲ್ಲ. ಹೇಳುವುದಕ್ಕೆ ಏನೂ ಇರಲಿಲ್ಲ, ಅಷ್ಟೇ. ಕೊಳವೆಗೆ ತಿರುಪಿಲ್ಲ, ನಿನ್ನ ಬಾಯಿಗೂ ಇಲ್ಲ ಎಂದು ಕುಲ್ಪಾಶ್ ನಗುತ್ತಿದ್ದಳು.

ನಿನ್ನೆ ರಾತ್ರಿ ಊಟದ ಪಾತ್ರೆಗಳನ್ನು ಒರೆಸಿಡುವ ಹೊತ್ತಿಗೆ ಮಗಳು ಶೋಲ್ಪಾನ್ ಅವನ ಪಕ್ಕದಲ್ಲಿ ಬಂದು ಕೂತಿದ್ದಳು. ಅವಳು ರಾಜಧಾನಿ ಅಸ್ತಾನಾದಲ್ಲಿ ದೇಶದ ಆದಾಯ, ಇಂಧನ, ಹೊಗೆ ಇವುಗಳ ಲೆಕ್ಕ ನೋಡುವ ಕಚೇರಿಯಲ್ಲಿದ್ದಾಳೆ. ಅಪ್ಪ, ನಾಳೆ ಆ ಹೊಸ ಚಿಮಣಿಯ ಹತ್ತಿರ ಹೋಗಬೇಡ ಎಂದಳು. ಆಮೇಲೆ ತನ್ನ ಫೋನಿನಲ್ಲಿ ಮೂರು ಗೆರೆಗಳನ್ನು ತೋರಿಸಿದಳು. ಒಂದು ದೇಶದ ಆದಾಯ, ಒಂದು ಬಳಸಿದ ವಿದ್ಯುತ್ತು, ಒಂದು ಆಕಾಶಕ್ಕೆ ಹೋದ ಹೊಗೆ. ಅವನು ಅವುಗಳನ್ನು ಹಳೆಯ ಗೆಳೆಯರನ್ನು ಗುರುತಿಸುವ ಹಾಗೆ ಗುರುತಿಸಿದ. ಸ್ಥಾವರದ ಯೋಜನಾ ವಿಭಾಗದಲ್ಲಿ ನಿವೃತ್ತನಾಗುವವರೆಗೂ ಚೌಕುಳಿ ಕಾಗದದ ಮೇಲೆ ಅವನು ಎಳೆದ ಗೆರೆಗಳೇ ಅವು. ಅವನ ಕಾಲದಲ್ಲಿ ಮೂರನೆಯದರ ಹೆಸರು ಮಾತ್ರ ಹೊಗೆ ಎಂದಿರಲಿಲ್ಲ. ಉರಿದ ಕಲ್ಲಿದ್ದಲು ಎಂದಿತ್ತು. ಇವು ಮೂರೂ ಒಂದೇ ಗಾಡಿಗೆ ಕಟ್ಟಿದ ಕುದುರೆಗಳು, ಒಂದನ್ನು ಬಿಟ್ಟು ಒಂದು ಓಡುವುದಿಲ್ಲ ಎಂದು ಸಭೆಗಳಲ್ಲಿ ಅವನು ಹೇಳುತ್ತಿದ್ದ. ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಿದ್ದ. ಶೋಲ್ಪಾನ್ ಬೆರಳಿನಿಂದ ಪುಟ ಸರಿಸಿ ಇನ್ನೊಂದು ದೇಶದ ಗೆರೆಗಳನ್ನು ತೋರಿಸಿದಳು. ಅಲ್ಲಿ ಆದಾಯ ಮೇಲೆ ಹೋಗುತ್ತಿತ್ತು, ಹೊಗೆ ಕೆಳಗೆ ಇಳಿಯುತ್ತಿತ್ತು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಇದನ್ನು ಯಾರಾದರೂ ಅವನ ಕಾಲದಲ್ಲಿ ಬರೆದು ತಂದಿದ್ದರೆ ತಪ್ಪು ಎಂದು ಹರಿದು ಹಾಕುತ್ತಿದ್ದ. ಅವರು ಏನು ಮಾಡಿದರು ಎಂದು ಕೇಳಿದ. ಗಾಳಿಯಿಂದ, ಬಿಸಿಲಿನಿಂದ ಕರೆಂಟ್ ಮಾಡಿದರು, ಗೋಡೆಗಳನ್ನು ಬೆಚ್ಚಗೆ ಕಟ್ಟಿದರು, ಕೊಳವೆಗಳಿಗೆ ತಿರುಪು ಹಾಕಿದರು ಎಂದು ಅವಳು ಹೇಳುತ್ತ ಹೋಗಿ, ಕೊನೆಗೆ ದನಿ ತಗ್ಗಿಸಿ, ಹೊಗೆಯ ಕೆಲಸ ಕೆಲವನ್ನು ನಮ್ಮಂಥವರ ಊರಿಗೆ ಕಳಿಸಿದರು ಎಂದಳು. ಬಟ್ಟಲು ಒರೆಸುತ್ತಿದ್ದ ಅಕ್ಮರಾಲ್ ನಕ್ಕಳು.

"ಹಾಗೆ ಹೇಳಿ ಮತ್ತೆ. ಹೊಗೆ ನಮಗೆ, ಚೆಂದದ ಗೆರೆ ಅವರಿಗೆ. ಅಲ್ಲ ನಾದಿನಿ, ನಿಮ್ಮ ಅಸ್ತಾನಾದಲ್ಲಿ ಸೇತುವೆಗೆಲ್ಲ ಬಣ್ಣದ ದೀಪ ಹಾಕಿದಾರಲ್ಲ, ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ಅಂದ್ಕೊಂಡಿದೀರಿ? ನಿಮ್ಮಣ್ಣ ಮೂಗಲ್ಲಿ ಮಸಿ ತುಂಬ್ಕೊಂಡು ಕಳಿಸ್ತಾನೆ."

"ಗೊತ್ತು ಅತ್ತಿಗೆ. ಗೊತ್ತಿರೋದಕ್ಕೇ ಹೇಳ್ತಿರೋದು," ಎಂದಳು ಶೋಲ್ಪಾನ್. ಆಮೇಲೆ ಅಪ್ಪನ ಕಡೆ ತಿರುಗಿ, ಜಗಳದ ದನಿಯೇ ಇಲ್ಲದೆ, "ನೀನು ಅವರ ಜೊತೆ ಗುದ್ದಾಡು ಅಂತಿಲ್ಲ ಅಪ್ಪ. ಹರಸಬೇಡ ಅಷ್ಟೇ. ಆ ಬಾಯಿಂದಲೇ ನೀನು ಅಮ್ಮನಿಗೂ ಪ್ರಾರ್ಥನೆ ಮಾಡಬೇಕಲ್ಲ," ಎಂದಳು. ಅವನು ಸರಿ ಎಂದ. ಬೆಳಗ್ಗೆ ಫೋನ್ ಮಾಡಿ ಹೇಳುತ್ತೇನೆ ಎಂದ. ಅವಳು ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ.

ಕೆಳಗೆ ಕಾರಿನ ಹಾರನ್ ಕೇಳಿಸಿತು. ಫೋನ್ ಇನ್ನೂ ಕೈಯಲ್ಲೇ ಇತ್ತು. ಶೋಲ್ಪಾನ್ ಸಂಜೆಯ ರೈಲಿಗೆ ಚೀಟಿ ಬದಲಿಸಲು ನಿಲ್ದಾಣಕ್ಕೆ ಹೋಗಿದ್ದಳು. ಅವಳು ಮನೆಯಲ್ಲಿಲ್ಲ ಎಂಬುದರಿಂದ ತನಗೆ ಹಗುರವಾದದ್ದನ್ನು ಅವನು ಗಮನಿಸಿದ, ಗಮನಿಸಿ ನಾಚಿದ. ಸ್ಥಾವರದ ನಿರ್ದೇಶಕರ ಸಹಾಯಕ ಮೆಯಿರ್ಜಾನ್ ಮೆಟ್ಟಿಲು ಹತ್ತಿ ಬಂದೇಬಿಟ್ಟ. ಕೆನ್ನೆ ಕೆಂಪಾದ, ಸದಾ ನಗುವ ಮನುಷ್ಯ. ಬಾಗಿಲಲ್ಲೇ ಕುಲ್ಪಾಶಳ ಹೆಸರಿಗೆ ಅಂಗೈ ತೆರೆದು ಪ್ರಾರ್ಥಿಸಿದ, ಅಕ್ಮರಾಲ್ ಕೊಟ್ಟ ಬಿಸಿ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡು ಅವಳ ಆತ್ಮಕ್ಕೆ ಸೇರಲಿ ಎಂದ. ಸತ್ತವಳ ರೊಟ್ಟಿಯನ್ನು ಅಷ್ಟು ಮನಸಾರೆ ತಿಂದವನಿಗೆ ಬರುವುದಿಲ್ಲ ಎನ್ನುವುದು ಹೇಗೆ? ಸೆಯಿಲ್‌ಬೆಕ್ ಬಾಯಿ ತೆರೆದ. ಅಷ್ಟರಲ್ಲಿ ಮೆಯಿರ್ಜಾನ್ ಅವನ ಕೋಟನ್ನು ಗೂಟದಿಂದ ತೆಗೆದು ಹಿಡಿದುಕೊಂಡಿದ್ದ, ಮಗುವಿಗೆ ತೊಡಿಸುವವನ ಹಾಗೆ. ಒಂದು ತೋಳು ಒಳಗೆ ಹೋಯಿತು. ಇನ್ನೊಂದೂ ಹೋಯಿತು. ಅಕ್ಮರಾಲಳ ಗಂಡ, ಇವನ ಮಗ ಸಾಬಿತ್, ಹೊಸ ಕುಲುಮೆಯ ಪಾಳಿಯ ಮುಖ್ಯಸ್ಥನಾಗುತ್ತಾನೆ ಎಂಬ ಸುದ್ದಿ ಇತ್ತು. ಅವಳು ಮಾವನ ಕುತ್ತಿಗೆಗೆ ಮಫ್ಲರ್ ಸುತ್ತಿದಳು, ಗಾಳಿ ಹೊಗದ ಹಾಗೆ ಬಿಗಿಯಾಗಿ.

ಕಾರಿನಲ್ಲಿ ಕೂತ ಮೇಲೆ ಅವನು ತನ್ನೊಡನೆ ಒಂದು ಒಪ್ಪಂದ ಮಾಡಿಕೊಂಡ. ಹೋಗುವುದು ಹೋಗುತ್ತೇನೆ, ಆದರೆ ಚಿಮಣಿಯನ್ನು ಹರಸುವುದಿಲ್ಲ. ಅಲ್ಲಿ ದುಡಿಯುವ ಜನರನ್ನು ಹರಸುತ್ತೇನೆ. ಅವರ ಕೈಕಾಲು ಗಟ್ಟಿಯಾಗಿರಲಿ, ಅವರ ಮಕ್ಕಳು ಬಾಳಲಿ. ಅದರಲ್ಲೇನು ಪಾಪ? ದೇವರು ಮನುಷ್ಯರನ್ನು ಹರಸಬೇಡ ಎಂದಿಲ್ಲ. ಹೊಗೆ ಎಂಬ ಮಾತೊಂದು ಬಾರದಿದ್ದರೆ ಸಾಕು. ಅದೇ ಕಷ್ಟವಾಗಿತ್ತು. ನಿಮ್ಮ ಹೊಗೆ ನೆಟ್ಟಗೆ ಏರಲಿ ಎಂಬುದು ಅವನ ಜನರ ಹರಕೆಯ ಕೊನೆಯ ಮಾತು. ಬಯಲಿನಲ್ಲಿ ಮನೆಗಳನ್ನು ಹೊಗೆಯಿಂದ ಎಣಿಸುತ್ತಿದ್ದ ಕಾಲದಿಂದ ಬಂದದ್ದು. ದೂರದಿಂದ ಕುದುರೆಯ ಮೇಲೆ ಬರುವವನಿಗೆ ನೆಟ್ಟಗೆ ಏರುವ ಹೊಗೆ ಕಂಡರೆ, ಅಲ್ಲಿ ಬಿರುಗಾಳಿಯಿಲ್ಲ, ಜಗಳವಿಲ್ಲ, ಒಲೆಯ ಮೇಲೆ ಮಾಂಸ ಬೇಯುತ್ತಿದೆ, ಒಳಗೆ ಹೆಂಗಸು ಇದ್ದಾಳೆ ಎಂದು ತಿಳಿಯುತ್ತಿತ್ತು. ಕುಲ್ಪಾಶಳನ್ನು ಮದುವೆಯಾದಾಗ ಅವಳ ತಂದೆ ಇವರಿಬ್ಬರ ತಲೆಯ ಮೇಲೆ ಅದೇ ಮಾತು ಹೇಳಿದ್ದ. ಇವನು ನೂರಾರು ಜೋಡಿಗಳಿಗೆ ಹೇಳಿದ್ದಾನೆ. ಈಗ ಮನಸ್ಸಿನಲ್ಲಿ ಹರಕೆಯನ್ನು ಮೊದಲಿನಿಂದ ಹೇಳಿಕೊಂಡು ಬಂದು, ಕೊನೆಗೆ ಆ ಮಾತಿನ ಮುಂದೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಬರುತ್ತಿದ್ದ.

"ಅಜ್ಜ, ಗಾಳಿ ಬಡೀತಿದೆಯಾ? ಗಾಜು ಏರಿಸಲಾ?" ಎಂದು ಮೆಯಿರ್ಜಾನ್ ಕೇಳಿದ.

"ಏರಿಸು," ಎಂದ ಸೆಯಿಲ್‌ಬೆಕ್. ಹೇಳಿದ ಮೇಲೆ ಆ ಮಾತು ಕಿವಿಯಲ್ಲೇ ಉಳಿಯಿತು.

ಕೊನೆಯ ದಿನಗಳಲ್ಲಿ ಒಮ್ಮೆ, ಕಿಟಕಿ ತೆಗಿ ಎಂದು ಕುಲ್ಪಾಶ್ ಕೇಳಿದ್ದಳು. ಎರಡು ದಿಂಬು ಒರಗಿಸಿ ಕೂರಿಸಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೋಣೆಯ ಸೆಕೆಗೆ ಅವಳ ಕೂದಲು ಹಣೆಗೆ ಅಂಟಿತ್ತು. ಅವನು ಪುಟ್ಟ ಕದ ತೆರೆದ. ಅವಳು ಬಾಯಿ ತೆರೆದು ಆ ಗಾಳಿಯನ್ನು ನೀರಿನ ಹಾಗೆ ಕುಡಿದಳು. ಹೊರಗೆ ಹೊಗೆ ಊರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿದ್ದ ದಿನ ಅದು; ಡಾಕ್ಟರು ಕಿಟಕಿ ತೆರೆಯಬಾರದೆಂದೇ ಹೇಳಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅವನು ಎದ್ದು ಮುಚ್ಚಿದ. ಹೊಗೆ ಬರ್ತಿದೆ, ಎದೆಗೆ ಒಳ್ಳೇದಲ್ಲ ಎಂದ. ಬರಲಿ ಬಿಡು, ತಣ್ಣಗಾದರೂ ಇದೆ ಎಂದಳು ಅವಳು. ಅವನು ಕೇಳಿಸದವನ ಹಾಗೆ ಚಿಲಕ ಹಾಕಿದ. ಇಷ್ಟನ್ನು ಅವನು ಎಲ್ಲರಿಗೂ ಹೇಳಿದ್ದಾನೆ, ಎಷ್ಟು ಜೋಪಾನ ಮಾಡಿದೆ ಎಂದು ತೋರಿಸಲು. ಹೇಳದೆ ಉಳಿಸಿಕೊಂಡದ್ದು ಇಷ್ಟೇ: ಅವನಿಗೆ ಹೊಗೆಯ ನೆನಪೇ ಆಗಿರಲಿಲ್ಲ. ಕುತ್ತಿಗೆಯ ಹಿಂಭಾಗಕ್ಕೆ ಚಳಿಗಾಳಿ ತಾಗುತ್ತಿತ್ತು. ಅದಕ್ಕೆ ಎದ್ದ. ಏಳುವಾಗ ಬಾಯಿಗೆ ಹೊಗೆ ಎಂಬ ಕಾರಣ ತಾನಾಗಿ ಬಂತು. ಅವನ ಬಾಯಿಗೆ ಯಾವಾಗಲೂ ಏನಾದರೊಂದು ಒಳ್ಳೆಯ ಮಾತು ಬರುತ್ತದೆ. ಕುಲ್ಪಾಶ್ ಅವನನ್ನು ನೋಡಿದಳು. ಅವಳಿಗೆ ಅವನ ಕುತ್ತಿಗೆಯ ವಿಷಯ ಮದುವೆಯಾದಾಗಿನಿಂದ ಗೊತ್ತು.

ದಾರಿಯ ಎರಡೂ ಬದಿಯ ಹಿಮ ಬೂದುಬಣ್ಣದ್ದಾಗಿತ್ತು, ಹಳೆಯ ಕಂಬಳಿಯ ಹಾಗೆ ಪದರ ಪದರವಾಗಿ ಮಸಿ ಕೂತದ್ದು. ಈ ಊರಿನಲ್ಲಿ ಹಿಮ ಬಿಳಿಯಾಗಿದ್ದ ಒಂದು ಕಾಲವಿತ್ತು. ತಾವೂ ಒಂದು ಭಾಗವಾಗಿದ್ದ ದೊಡ್ಡ ದೇಶ ಒಡೆದು ಕಾರ್ಖಾನೆಗಳು ಒಂದೊಂದಾಗಿ ನಿಂತ ವರ್ಷಗಳು. ಮೂರು ಚಿಮಣಿಗಳಲ್ಲಿ ಎರಡು ಸತ್ತಿದ್ದವು, ಆಕಾಶ ತೊಳೆದ ಗಾಜಿನಂತಿತ್ತು. ಅವನ ಮೂರೂ ಗೆರೆಗಳು ಕೈಹಿಡಿದುಕೊಂಡು ಹಳ್ಳಕ್ಕೆ ಇಳಿದಿದ್ದವು. ಹಾಳೆಯ ಮೇಲೆ ಅದನ್ನು ಎಳೆಯುವ ಕೆಲಸವೂ ಅವನದೇ ಆಗಿತ್ತು, ಸಂಬಳವಿಲ್ಲದೆ. ಕುಲ್ಪಾಶ್ ರೈಲು ನಿಲ್ದಾಣದಲ್ಲಿ ಹುರಿದ ಸೂರ್ಯಕಾಂತಿ ಬೀಜ ಮಾರುತ್ತಿದ್ದಳು. ಅವನ ವಿಭಾಗದವರು ಯಾರಾದರೂ ಆ ದಾರಿಯಲ್ಲಿ ಬಂದರೆ ಅವನು ಕಂಬದ ಮರೆಗೆ ಹೋಗುತ್ತಿದ್ದ, ಅವಳು ಹೋಗುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ, ಬಿಳಿಯ ಹಿಮದ ಮೇಲೆ ನಿಂತು ಶೋಲ್ಪಾನ್, ಆಗ ಮೂರು ವರ್ಷದವಳು, ಎಷ್ಟು ಚೆಂದ ಇದೆ ಎಂದು ಕೈ ಚಪ್ಪಾಳೆ ತಟ್ಟಿದಾಗ, ಕುಲ್ಪಾಶ್ ಅವಳ ಕೈಗೆ ಹೊಡೆದಿದ್ದಳು. ಇಂದಿಗೂ ಊರಿನ ಮುದುಕರು ಆಕಾಶ ತೀರ ನೀಲಿಯಾಗಿ ಕಂಡರೆ ಹೆದರುತ್ತಾರೆ.

ಮತ್ತೆ ಇತ್ತೀಚಿನ ಆ ಚಳಿಗಾಲ. ಹಳೆಯ ಕುಲುಮೆ ಕೈಕೊಟ್ಟು, ಕೊಳವೆಗಳು ನೆಲದಡಿಯಲ್ಲಿ ಒಡೆದು, ಊರಿಗೆ ಊರೇ ಹೆಪ್ಪುಗಟ್ಟಿತ್ತು. ಮನೆಯೊಳಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ಇಡೀ ಕುಟುಂಬ ಒಂದೇ ಹಾಸಿಗೆಯಲ್ಲಿ, ಕೋಟು ಟೋಪಿ ಸಮೇತ. ಆಗ ಒಂದು ಬೆಳಿಗ್ಗೆ ಕುಲ್ಪಾಶ್ ಕಿಟಕಿಯ ಗಾಜಿನ ಮಂಜನ್ನು ಉಗುರಿನಿಂದ ಕೆರೆದು ನೋಡಿ, ಬಂತು ಬಂತು ಎಂದು ಕೂಗಿದಳು. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಅವಳು ಅದರ ಕಡೆಗೆ ತಿರುಗಿ ಎರಡೂ ಅಂಗೈಯನ್ನು ಮುಖಕ್ಕೆ ಒರೆಸಿಕೊಂಡು ಅಲ್ಲಾಹನಿಗೆ ಶುಕ್ರಿಯಾ ಹೇಳಿದಳು. ಅಳುತ್ತಿದ್ದಳು. ಅವಳ ಎದೆಯನ್ನು ತಿಂದದ್ದೂ ಅದೇ, ಅವಳು ಕಣ್ಣೀರು ಹಾಕಿ ಬರಮಾಡಿಕೊಂಡದ್ದೂ ಅದೇ. ಹಾಗಾದರೆ ಅವಳಿದ್ದಿದ್ದರೆ ಇವತ್ತು ಏನು ಹೇಳುತ್ತಿದ್ದಳು? ಹರಸು ಎನ್ನುತ್ತಿದ್ದಳೇ? ಹೀಗೆ ಯೋಚಿಸಿದಾಗ ಅವನಿಗೆ ಒಂದು ಕ್ಷಣ ಸಮಾಧಾನವಾಯಿತು. ಸತ್ತವಳ ಬಾಯಿಗೆ ತನಗೆ ಬೇಕಾದ ಮಾತನ್ನು ಇಡುತ್ತಿದ್ದೇನೆ ಎಂದು ತಿಳಿದದ್ದು ಆಮೇಲೆ, ಕಾರು ನಿಂತ ಮೇಲೆ.

ನಾಲ್ಕನೆಯ ಚಿಮಣಿಗೆ ಕೆಂಪು ಬಿಳಿ ಪಟ್ಟೆಯ ಹೊಸ ಬಣ್ಣ ಬಳಿದಿದ್ದರು. ಕೆಳಗೆ ವೇದಿಕೆ, ಬಾವುಟಗಳು, ಚಳಿಗೆ ಕಾಲು ಕುಣಿಸುತ್ತ ನಿಂತ ಜನ. ಕುಲುಮೆಯ ಕೆಲಸಗಾರರ ನಡುವೆ ಸಾಬಿತ್ ಕಾಣಿಸಿದ; ಅಪ್ಪನನ್ನು ನೋಡಿ ಹೆಮ್ಮೆಯಿಂದ ಗಲ್ಲ ಎತ್ತಿದ. ನಿರ್ದೇಶಕರು ಮಾತಾಡಿದರು. ಊರಿಗೆ ಹೊಸ ಕಾರ್ಖಾನೆಗಳು ಬರುತ್ತವೆ, ಕರೆಂಟು ಸಾಲದು, ಕರೆಂಟು ಇಲ್ಲದೆ ಬೆಳವಣಿಗೆ ಇಲ್ಲ ಎಂದರು. ಎಲ್ಲ ಇವನ ಮಾತುಗಳೇ. ಕುದುರೆಯ ಮಾತನ್ನೂ ಹೇಳಿದರು, ನಮ್ಮ ಹಿರಿಯರು ಹೇಳುತ್ತಿದ್ದ ಹಾಗೆ ಎಂದು ಇವನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಇಬ್ಬರು ಹೆಣ್ಣುಮಕ್ಕಳು ಬಂದು ಅವನ ಹೆಗಲಿಗೆ ಚಿನ್ನದ ಎಳೆಯ ಕಸೂತಿಯ ನೀಲಿ ನಿಲುವಂಗಿ ಹೊದಿಸಿದರು. ಅದು ತೀರ ದೊಡ್ಡದಾಗಿತ್ತು, ತೋಳುಗಳು ಬೆರಳು ದಾಟಿ ಇಳಿದವು. ಹರಸುವುದಕ್ಕೆ ಅಂಗೈ ತೆರೆಯಬೇಕೆಂದರೆ ಮೊದಲು ಬಟ್ಟೆಯಿಂದ ಕೈ ಹುಡುಕಿ ತೆಗೆಯಬೇಕಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೆಯಿರ್ಜಾನ್ ಬಂದು ತೋಳು ಮಡಿಸಿಕೊಟ್ಟ. ಫೋನುಗಳು ಮೇಲೆದ್ದವು. ಸುತ್ತ ಎಲ್ಲರ ಅಂಗೈಗಳೂ ಎದೆಯ ಮುಂದೆ ತೆರೆದುಕೊಂಡು ನಿಂತವು, ತುಂಬಿಸು ಎಂದು ಹಿಡಿದ ಬಟ್ಟಲುಗಳ ಹಾಗೆ.

ಅವನು ಪ್ರಾರಂಭಿಸಿದ. ದುಡಿಯುವ ಕೈಗಳು ಗಟ್ಟಿಯಾಗಿರಲಿ ಎಂದ. ಕೆಲಸಕ್ಕೆ ಹೋದವರು ಮನೆಗೆ ಕ್ಷೇಮವಾಗಿ ಬರಲಿ ಎಂದ. ದನಿ ಒಡೆಯಲಿಲ್ಲ, ನಡುಗಲಿಲ್ಲ. ಇಷ್ಟು ದಿನ ಎಲ್ಲಿ ಅಡಗಿತ್ತೋ, ಈಗ ತುಂಬಿ ಬಂತು. ತಟ್ಟೆ ಬರಿದಾಗದಿರಲಿ, ತೊಟ್ಟಿಲು ಖಾಲಿಯಾಗದಿರಲಿ, ಮಕ್ಕಳ ದಾರಿ ಬೆಳ್ಳಗಿರಲಿ. ಒಂದೊಂದು ಮಾತಿಗೂ ಜನ ಮುಂದಕ್ಕೆ ಬಾಗುವುದು ಅವನಿಗೆ ತಿಳಿಯುತ್ತಿತ್ತು. ಆ ಬಾಗುವಿಕೆಯ ರುಚಿ ಅವನಿಗೆ ಹಳೆಯದು. ಒಲೆ ಆರದಿರಲಿ ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಬೇಕೆಂದು ನೆನಪೂ ಇತ್ತು. ಆದರೆ ಹರಕೆಗೆ ತನ್ನದೇ ಓಟವಿದೆ, ಕೊನೆಯ ಮಾತು ಬಾರದಿದ್ದರೆ ಅದು ಕುಂಟನಂತೆ ನಿಲ್ಲುತ್ತದೆ, ಜನರ ಅಂಗೈಗಳು ತೆರೆದೇ ಉಳಿಯುತ್ತವೆ.

"ನಿಮ್ಮ ಹೊಗೆ ನೆಟ್ಟಗೆ ಏರಲಿ," ಎಂದಿತು ಅವನ ಬಾಯಿ.

ಆಮೀನ್ ಎಂದು ನೂರಾರು ಕಂಠಗಳು ಒಟ್ಟಿಗೆ ಹೇಳಿದವು. ಅಂಗೈಗಳು ಮುಖ ಒರೆಸಿಕೊಂಡವು. ಯಾರೋ ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಾಲ್ಕನೆಯ ಚಿಮಣಿಯ ತುದಿಯಿಂದ ಹೊಗೆ ಹೊರಟು, ಗಾಳಿಯಿಲ್ಲದ ಆ ಚಳಿಯಲ್ಲಿ, ಅವನು ಹೇಳಿದ ಹಾಗೆಯೇ ನೆಟ್ಟಗೆ, ಕಂಬದ ಮೇಲೆ ಕಂಬ ನಿಂತ ಹಾಗೆ ಏರಿತು. ನೋಡ್ರೋ, ಅಜ್ಜನ ಬಾಯಿ ನೋಡ್ರೋ ಎಂದರು ಜನ. ಸೆಯಿಲ್‌ಬೆಕ್ ತಲೆ ಎತ್ತಿ ನೋಡಿದ. ಅವನ ಎದೆ ಉಬ್ಬಿತು. ಅದು ಒಂದು ಕ್ಷಣ ಮಾತ್ರ, ಆದರೆ ಉಬ್ಬಿದ್ದು ನಿಜ. ತಾನು ಹರಸಿದ್ದು ನಿಂತಿತು ಎಂದು ಅವನಿಗೆ ಸಂತೋಷವಾಯಿತು, ಕುಲ್ಪಾಶ್ ಸತ್ತ ಮೇಲೆ ಮೊದಲ ಸಲ.

ಮನೆಗೆ ಬಂದಾಗ ಶೋಲ್ಪಾನ್ ಚೀಲ ಕಟ್ಟುತ್ತಿದ್ದಳು. ಅವಳ ಫೋನ್ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಅವಳು ವಿಡಿಯೋ ನೋಡಿದ್ದಾಳೆ ಎಂದು ಅದರಿಂದಲೇ ತಿಳಿಯಿತು. ಅವನು ನಿಲುವಂಗಿಯನ್ನು ಕಳಚಲು ಹೋದ; ತೋಳು ಸಿಕ್ಕಿಕೊಂಡಿತು. ಅವಳು ಎದ್ದು ಬಂದು ತೆಗೆದು, ಮಡಿಸಿ ಕುರ್ಚಿಯ ಮೇಲಿಟ್ಟಳು. ಜನರನ್ನು ಮಾತ್ರ ಹರಸಬೇಕೆಂದು ಹೋಗಿದ್ದೆ, ಬಾಯಿ ತಪ್ಪಿತು ಎಂದು ಅವನು ಹೇಳಿದ.

"ನನ್ನ ಮದುವೇಲೂ ಅದೇ ಹೇಳಿದ್ದೆ ನೀನು," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿಲ್ಲದ ಆ ದನಿಯನ್ನೇ ತಡೆದುಕೊಳ್ಳುವುದು ಅವನಿಗೆ ಕಷ್ಟವಾಯಿತು. ಏಳು ರೊಟ್ಟಿಗಳಲ್ಲಿ ಉಳಿದಿದ್ದ ಒಂದನ್ನು ಅವಳು ಕಾಗದದಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡಳು, ಅವನ ಕೈಗೆ ತುಟಿ ತಾಗಿಸಿ ಹೊರಟಳು. ಈ ಸಲ ಕೈಯನ್ನು ಕೆನ್ನೆಗೆ ಒತ್ತಿಕೊಳ್ಳಲಿಲ್ಲ. ಅಕ್ಮರಾಲ್ ಅವಳನ್ನು ನಿಲ್ದಾಣಕ್ಕೆ ಬಿಡಲು ಜೊತೆಗೆ ಹೋದಳು.

ಸಂಜೆಯ ನಮಾಜಿಗೆ ಅವನು ಒಬ್ಬನೇ ಇದ್ದ. ನಮಾಜು ಮುಗಿಸಿ, ಜಮಖಾನದ ಮೇಲೆ ಕೂತು, ಕುಲ್ಪಾಶಳಿಗಾಗಿ ಅಂಗೈ ತೆರೆದ. ಓದಬೇಕಾದ್ದನ್ನು ಓದಿದ. ಆಮೇಲೆ ತನ್ನ ಮಾತು ಹೇಳಬೇಕು. ತಟ್ಟೆ, ತೊಟ್ಟಿಲು, ಒಲೆ, ದಾರಿ ಎಲ್ಲ ನಾಲಗೆಗೆ ಬಂದವು, ಮಧ್ಯಾಹ್ನದ ಜನರ ಅಂಗೈಯಿಂದ ಬಿದ್ದ ಎಂಜಲಿನ ಹಾಗೆ. ಅವುಗಳಲ್ಲಿ ಒಂದೂ ಅವಳದ್ದಲ್ಲ. ತೆರೆದ ಅಂಗೈಗಳು ನೋಯತೊಡಗಿದವು. ಮುಖ ಒರೆಸಿಕೊಂಡು ಪ್ರಾರ್ಥನೆ ಮುಗಿಸಲು ಧೈರ್ಯ ಬರದೆ ಹಾಗೆಯೇ ಹಿಡಿದುಕೊಂಡು ಎದ್ದು, ಕಿಟಕಿಯ ಬಳಿ ಹೋಗಿ, ಮೊಣಕೈಯಿಂದ ಪುಟ್ಟ ಕದವನ್ನು ಪೂರ್ತಿ ತಳ್ಳಿದ. ಹೊಗೆಯ ವಾಸನೆ ಬಂತು, ಹಿಂದೆಯೇ ಚಳಿ. ಅವನು ತಿರುಗಿ ನಿಂತು, ಕೊನೆಗೆ ಕೈ ಇಳಿಸಿ, ಬೆಳಗಿನಿಂದ ಕುತ್ತಿಗೆಯಲ್ಲೇ ಇದ್ದ ಮಫ್ಲರ್ ಬಿಚ್ಚಿ ಹಾಕಿ, ಕುತ್ತಿಗೆಯ ಹಿಂಭಾಗವನ್ನು ಗಾಳಿಗೆ ಒಡ್ಡಿದ. ಮೊದಲು ಸೂಜಿಯ ಹಾಗೆ ಚುಚ್ಚಿತು, ಆಮೇಲೆ ಬೆನ್ನಿನುದ್ದಕ್ಕೂ ಇಳಿಯಿತು. ಮುಚ್ಚುವುದಿಲ್ಲ ಎಂದುಕೊಂಡ. ಕುಲ್ಪಾಶ್ ದಿಂಬಿಗೆ ಒರಗಿ ಕೂರುತ್ತಿದ್ದ ಜಾಗವನ್ನೇ ನೋಡುತ್ತ ಹಲ್ಲು ಕಚ್ಚಿ ನಿಂತ. ಎಷ್ಟೋ ಹೊತ್ತಿನ ಮೇಲೆ ಅವನಿಗೆ ತಿಳಿಯಿತು, ತಾನು ಅಂಥದ್ದೇನೂ ನಡುಗುತ್ತಿಲ್ಲ ಎಂದು. ಕಾಲಿನ ಹಿಂದೆ ಕಬ್ಬಿಣದ ಕೊಳವೆಗಳು ಸುಡುತ್ತಿದ್ದವು, ಮೊದಲಿಗಿಂತ ಹೆಚ್ಚಾಗಿಯೇ, ಹೊಸ ಕುಲುಮೆಯ ಬಿಸಿಯೂ ಸೇರಿದ್ದಕ್ಕೋ ಏನೋ. ಆ ಬಿಸಿ ಅವನ ಬೆನ್ನನ್ನು ಸವರಿ, ಹೆಗಲ ಮೇಲಿನಿಂದ ಹಾದು, ತೆರೆದ ಕದದಿಂದ ಹೊರಗೆ ಹೋಗುತ್ತಿತ್ತು.